ಹಲ್ಕಾ ಕೈ

ಅಕ್ಕನ ಬಲರಟ್ಟೆಯ ಹಿಂಬದಿಯಲ್ಲಿ ಕೊಬ್ಬಿನ ಗಂಟೊಂದಿತ್ತು. ಮದುವೆಯಾಗಿ ಮಂಗಸೂಳಿಗೆ ಹೋಗುವಾಗ ಅದು ನಿಂಬೆಹಣ್ಣಿನಷ್ಟಿತ್ತು. ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಕುಪ್ಪಸದ ಒಂದು ತೋಳನ್ನು ಅಗಲವಾಗಿ ಹೊಲಿಸಬೇಕಾಯಿತು. ನೋವಿರಲಿಲ್ಲ. ನೋಯದೇ ಇದ್ದದ್ದನ್ನು ದವಾಖಾನೆಗೆ ಒಯ್ಯುವ ರೂಢಿ ಎರಡೂ ಮನೆಗಳಲ್ಲಿ ಇರಲಿಲ್ಲ. ಕೊನೆಗೆ ದ್ರಾಕ್ಷಿ ಚಪ್ಪರದ ಕೆಳಗೆ ಕೈ ಎತ್ತಿ ಗೊನೆ ಕೊಯ್ಯುವಾಗ ತೋಳು ಜೋಮು ಹಿಡಿಯತೊಡಗಿದ್ದರಿಂದ ಗಡಿಯಾಚೆ ಮಿರಜದ ದವಾಖಾನೆಗೆ ಹೋದೆವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ನಮ್ಮೂರು ಅಂಕಲಿಯಲ್ಲೇ ಇದ್ದುಕೊಂಡು ಚಿಕ್ಕೋಡಿಯಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ.

ಕೊಯ್ದು ತೆಗೆದರೆ ರಟ್ಟೆಯ ಉದ್ದಕ್ಕೂ ಗಾಯವಾಗುತ್ತದೆ, ಅದರ ಬದಲು ಸಣ್ಣ ತೂತು ಮಾಡಿ ನಳಿಗೆ ಇಳಿಸಿ ಯಂತ್ರದಿಂದ ಕೊಬ್ಬನ್ನು ಎಳೆದುಕೊಳ್ಳಬಹುದು ಎಂದರು ಅಲ್ಲಿನ ಡಾಕ್ಟರು. ಅದರ ಹೆಸರು ಲಿಪೊಸಕ್ಷನ್. ಆ ಶಬ್ದವನ್ನು ನಾನು ಮೊದಲ ಸಲ ಕೇಳಿದ್ದು ಅಲ್ಲೇ. ಅವ್ವ ಎಲ್ಲವನ್ನೂ ಗಮನವಿಟ್ಟು ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಅಂದ್ರ ಎಮ್ಮಿ ಹಿಂಡಿದಂಗೇನ್ರಿ?"

"ಹಂಗ ತಿಳೀರಿ ಆಯೀ," ಎಂದು ಡಾಕ್ಟರು ನಕ್ಕರು.

ಆಪರೇಶನ್ನಿಗೆ ಒಯ್ಯುವ ಮುಂಚೆ ಬಲಗೈಯ ಹಸಿರು ಗಾಜಿನ ಬಳೆಗಳನ್ನು ಸಾಬೂನು ಹಚ್ಚಿ ತೆಗೆದರು. ಎಡಗೈಯವಕ್ಕೆ ಬಟ್ಟೆ ಸುತ್ತಿ ಹಾಗೇ ಬಿಟ್ಟರು. ಅಕ್ಕ ಬಳೆಗಳನ್ನು ಅವ್ವನ ಉಡಿಗೆ ಹಾಕಿದಳು.

"ಕೈತುಂಬ ಬಳಿ ಇಟಗೊಂಡ ಮ್ಯಾಲs ನಾ ಮಂಗಸೂಳಿಗಿ ಹೋಗಾಕಿ. ಬರಿಗೈಲೆ ಹೊಸ್ತಲಾ ದಾಟಂಗಿಲ್ಲ."

ಅದು ಹಟದ ಮಾತಲ್ಲ. ಗಂಡ ಬದುಕಿರುವ ಹೆಂಗಸು ಒಂದೇ ಕೈ ಬರಿದಾಗಿದ್ದರೂ ಹಾಗೆ ಗಂಡನ ಮನೆಗೆ ಕಾಲಿಡುವುದನ್ನು ನಮ್ಮ ಕಡೆ ಯಾರೂ ನೋಡಬಯಸುವುದಿಲ್ಲ. ದ್ರಾಕ್ಷಿ ಆಗ ಸಿಹಿ ಹಿಡಿಯುತ್ತಿತ್ತು. ಕೊಯ್ಲಿನ ಹೊತ್ತಿಗೆ ತಾನು ತೋಟದಲ್ಲಿರಬೇಕು ಎಂಬುದು ಅವಳ ಲೆಕ್ಕ. ಗೊನೆ ಆರಿಸಿ ಪೆಟ್ಟಿಗೆ ತುಂಬುವ ಕೆಲಸವನ್ನು ಆ ಮನೆಯಲ್ಲಿ ಅವಳಷ್ಟು ಚೆನ್ನಾಗಿ ಮಾಡುವವರು ಇರಲಿಲ್ಲ. ಇದನ್ನು ಹೇಳಿದ್ದು ಅವಳಲ್ಲ, ಅವಳ ಅತ್ತೆ.

ಮನೆಗೆ ಕಳಿಸುವ ದಿನ ನಾನು ಔಷಧಿ ಅಂಗಡಿಯ ಮುಂದೆ ನಿಂತಿದ್ದಾಗ ನರ್ಸಬಾಯಿ ಅವ್ವನಿಗೆ ಮರಾಠಿಯಲ್ಲಿ ಸೂಚನೆ ಕೊಟ್ಟಳಂತೆ. ಅಕ್ಕ ಇನ್ನೂ ಮಂಪರಿನಲ್ಲಿದ್ದಳು. ಹೊಲಿಗೆ ಬಿಚ್ಚಿದ ಮೇಲೆ ದಿನಾಲೂ ತೋಳನ್ನು ಕಂಕುಳದ ಕಡೆಗೆ ಸವರಬೇಕು, ಒಳಗೆ ನಿಂತ ನೀರು ಇಳಿಯುತ್ತದೆ, ಅದನ್ನು "ಹಲಕ್ಯಾ ಹಾತಾನ" ಮಾಡಬೇಕು ಎಂದು. ಅವ್ವ ಹೌದೆಂದು ತಲೆ ಆಡಿಸಿ ಬಂದಳು. ಅವ್ವನ ತವರು ಘಟಪ್ರಭಾ ದಂಡೆಯ ಅಚ್ಚ ಕನ್ನಡದ ಹಳ್ಳಿ. ಅವಳಿಗೆ ಬರುತ್ತಿದ್ದ ಮರಾಠಿ ಸಂತೆಯಲ್ಲಿ ಕಲಿತದ್ದು ಮಾತ್ರ.

ಅಕ್ಕನನ್ನು ಅಂಕಲಿಗೆ ಕರೆತಂದ ಮೇಲೆ ಗಾಯದ ಕೆಲಸ ನನ್ನದಾಯಿತು. ಗೋಧಿಕಾಳಿನಷ್ಟು ಉದ್ದದ ಎರಡು ಗಾಯ, ಒಂದೊಂದಕ್ಕೂ ಹೊಲಿಗೆ. ಕೈ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಅರಳೆಯನ್ನು ಒತ್ತಿ ತೆಗೆಯಬೇಕು, ಒರೆಸಬಾರದು. ಒಣಗಿದ ಮೇಲೆ ಹೊಸ ಪಟ್ಟಿ, ಅದರ ಮೇಲೆ ರಟ್ಟೆಗೆ ಬಿಗಿಯಾದ ಎಲಾಸ್ಟಿಕ್ ಪಟ್ಟಿ. ಮಲಗಿದಾಗ ಕೈ ದಿಂಬಿನ ಮೇಲೆ. ಅರಿಶಿಣ, ಎಣ್ಣೆ ಯಾವುದೂ ತಾಕಬಾರದು. ಅವ್ವ ಅರಿಶಿಣದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು.

"ಅರಿಶಿಣಾ ಬ್ಯಾಡನ್ನಾಂವ ಎಂಥಾ ಡಾಕ್ಟರಲೇ?"

"ಓದಿದಾಂವ ಅದಾನಬೇ."

"ಓದಿದ್ರ ಅರಿಶಿಣದ ಮ್ಯಾಲ ಸಿಟ್ಟಾಗಬೇಕೇನ?" ಎಂದು ಬಟ್ಟಲನ್ನು ಒಯ್ದು ದೇವರ ಮುಂದೆ ಇಟ್ಟಳು.

ಊರ ದವಾಖಾನೆಯಲ್ಲಿ ಹೊಲಿಗೆ ಬಿಚ್ಚಿದರು. ಗಾಯ ಒಣಗಿತ್ತು. ಅಂದಿನಿಂದ ಕೈ ಅವ್ವನ ವಶಕ್ಕೆ ಹೋಯಿತು. ನಮ್ಮ ಓಣಿಯ ಬಾಣಂತಿಯರಲ್ಲಿ ಅವ್ವನ ಕೈಗೆ ಸಿಗದವರು ಕಡಿಮೆ. ಎರೆಯುವ ಮುಂಚೆ ಬಿಸಿ ಎಣ್ಣೆ ಹಚ್ಚಿ ಅವಳು ತಿಕ್ಕಿದರೆ ಎಲುಬು ಎಣಿಸಿದಂತಾಗುತ್ತಿತ್ತು. "ಕೂಗಿದ್ರ ಮೈಯಾಗಿನ ನೀರ ಬಿಟ್ಟೈತಿ ಅಂತ ತಿಳಿ" ಎಂಬುದು ಅವಳ ಸಿದ್ಧಾಂತ. ಎಣ್ಣೆ ಬೇಡ ಎಂದಿದ್ದು ಗಾಯ ಹಸಿಯಿದ್ದಾಗ, ಈಗ ಒಣಗಿದೆ ಎಂದು ವಾದಿಸಿ ಎಣ್ಣೆ ಬಿಸಿ ಮಾಡಿದಳು. ಅಕ್ಕ ಹಲ್ಲು ಕಚ್ಚಿ ಕೂತಳು. ಅದೇ ಕೈಯಲ್ಲಿ ಎರಡು ಬಾಣಂತನ ಮುಗಿಸಿದವಳು, ನೋಯುವುದೇ ಸರಿ ಎಂದುಕೊಂಡಿದ್ದಳು.

ಬಾವು ಇಳಿಯಲಿಲ್ಲ. ರಟ್ಟೆ ಕೆಂಪಾಯಿತು, ಮೊಣಕೈ ಕೆಳಗೂ ಬಾವು ಬಂತು, ಬೆರಳಿನ ಗೆಣ್ಣುಗಳು ಕಾಣದಂತಾದವು. ಅವ್ವನ ಉಡಿಯಲ್ಲಿದ್ದ ಬಳೆಗಳು ಬರುವಾಗ ಬಸ್ಸಿನಲ್ಲಿ ಒಡೆದುಹೋಗಿ ಉಳಿದಿದ್ದ ಒಂದನ್ನು ಅಕ್ಕ ದಿನವೂ ಕೈಗೆ ಹಿಡಿದು ನೋಡುವಳು. ಅದು ಬೆರಳುಗಳ ಬುಡಕ್ಕೇ ನಿಲ್ಲುತ್ತಿತ್ತು.

ಅಷ್ಟರಲ್ಲಿ ಅಕ್ಕನ ಗಂಡ ಮೊದಲ ಗೊನೆಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಮೋಟಾರಸೈಕಲ್ ಮೇಲೆ ಬಂದರು. ವ್ಯಾಪಾರಿ ನೋಡಿ ಹೋಗಿದ್ದಾನೆ, ಕೊಯ್ಲು ಹತ್ತಿರ ಬಂತು ಎಂದರು.

"ಬಳಿ ಆಮ್ಯಾಲ ಇಟಗೊಂಡ್ರಾತು. ನೀ ಸುಮ್ನ ಕುಂತ ಹೇಳಾಕರೆ ಬಾ."

"ನೀವು ಗಟ್ಟಿಮುಟ್ಟ ಅದೀರಿ, ನಾ ಯಾಕ ಬರಿಗೈಲೆ ಬರ್ಲಿ?" ಎಂದಳು ಅಕ್ಕ.

ಅವರು ನನ್ನ ಮುಖ ನೋಡಿದರು. ಬುಟ್ಟಿ ಇಳಿಸಿಕೊಟ್ಟು ಮಂಗಸೂಳಿಗೆ ಮರಳಿದರು. ಮರುದಿನ ಅವ್ವ, ಅಕ್ಕ, ನಾನು ಮೂವರೂ ಮತ್ತೆ ಮಿರಜದ ಬಸ್ಸು ಹತ್ತಿದೆವು.

ನರ್ಸಬಾಯಿ ರಟ್ಟೆಯ ಮೇಲೆ ಬೆರಳು ಒತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಮೂಸಿ ನೋಡಿ ಎಣ್ಣೆಯನ್ನೂ ಪತ್ತೆ ಮಾಡಿದಳು. "ಆಯೀ, ಹಲಕ್ಯಾ ಹಾತಾನ ಸಾಂಗಿತಲಂ ಹೋತಂ ನಾ?" ಎಂದಳು, ಹೇಳಿದ್ದೆನಲ್ಲ ಎಂಬ ಧಾಟಿಯಲ್ಲಿ.

ಅವ್ವನಿಗೆ ಸಿಟ್ಟು ಬಂತು. "ಹಲ್ಕಾ ಕೈಲೆ ಯಾರ ಮಾಡ್ಯಾರ್ರಿ? ಮಂದಿ ಕೈಯಾಗ ಕೊಟ್ಟೇ ಇಲ್ಲ. ಖುದ್ದ ನಾನ ಕುಂತ, ಬೆವರ ಸುರಿಸಿ ತಿಕ್ಕೇನಿ!"

ಅಕ್ಕ ಬಾವು ಬಂದ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಗತೊಡಗಿದಳು. ಸಂತೆಯಲ್ಲಿ ಹಲ್ಕಾ ಎಂದರೆ ಕಳಪೆ. ಹಲ್ಕಾ ಮಾಲು, ಹಲ್ಕಾ ಮಂದಿ. ನಿಮ್ಮ ಮಗಳನ್ನು ಹಲ್ಕಾ ಕೈಗೆ ಕೊಡಬೇಡಿ ಎಂದು ನರ್ಸಬಾಯಿ ಎಚ್ಚರಿಸಿದ್ದಾಳೆ, ತನ್ನಂಥ ಗಟ್ಟಿ ಕೈಯೇ ಬೇಕು ಎಂದು ಅವ್ವ ಅರ್ಥ ಮಾಡಿಕೊಂಡಿದ್ದಳು.

"ಯವ್ವಾ, ಹಲ್ಕಾ ಅಂದ್ರ ಇವರ ಮರಾಠ್ಯಾಗ ಹಗರಬೇ, ಹಗರ, ಮೆತ್ತಗ!"

"ಹಗರ ತಿಕ್ಕೂದಾದ್ರ ತಿಕ್ಕೂದ್ಯಾಕ?" ಎಂದಳು ಅವ್ವ.

ಡಾಕ್ಟರು ಬಂದು ನೋಡಿ, ಗಾಯ ಬಿಚ್ಚಿಲ್ಲ, ಎರಡು ದಿನ ಕೈಗೆ ವಿಶ್ರಾಂತಿ ಕೊಟ್ಟು ಮತ್ತೆ ಶುರು ಮಾಡಿ ಎಂದರು. ಆ ನೀರು ಹರಿಯುವ ಸಣ್ಣ ದಾರಿಗಳು ಚರ್ಮದ ಕೆಳಗೇ ಇರುತ್ತವೆ, ಒತ್ತಿದರೆ ಮುಚ್ಚಿಕೊಳ್ಳುತ್ತವೆ ಎಂದೂ ವಿವರಿಸಿದರು. ನರ್ಸಬಾಯಿ ಅವ್ವನ ಕೈಯ ಮೇಲೇ ಮಾಡಿ ತೋರಿಸಿದಳು. ಮೊದಲು ಕಂಕುಳದ ಹತ್ತಿರ, ಆಮೇಲೆ ರಟ್ಟೆ, ಕೊನೆಗೆ ಮೊಣಕೈಯಿಂದ ಮೇಲಕ್ಕೆ. ಗಾಯದ ಕಲೆ ಬಿಟ್ಟು, ಒಣಗೈಯಲ್ಲಿ.

"ನೊಣಾ ಹಾರಿಸಿದಂಗ ಆತು," ಎಂಬುದು ಬಸ್ಸಿನಲ್ಲಿ ಅವ್ವನ ಅಭಿಪ್ರಾಯ.

ಮನೆಯಲ್ಲಿ ಅವಳು ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಹಗುರವಾಗಿ ಶುರುವಾದ ಕೈ ಸ್ವಲ್ಪ ಹೊತ್ತಿಗೆ ತನಗೆ ತಾನೇ ಭಾರವಾಗುತ್ತಿತ್ತು. ಅಕ್ಕ "ಆಂ" ಎಂದರೆ ಅವ್ವ ಬೆಚ್ಚಿ ಕೈ ತೆಗೆಯುವಳು. "ನನ್ನ ಕೈಗೆ ಬರಂಗಿಲ್ಲ ಬಿಡ ಇದು," ಎಂದು ಎದ್ದು ಕೊಟ್ಟಿಗೆಗೆ ಹೋದಳು. ಅದು ಎಮ್ಮೆ ಹಿಂಡುವ ಹೊತ್ತು. ನಮ್ಮ ಎಮ್ಮೆಗೆ ಒದೆಯುವ ಚಾಳಿ. ಅವ್ವ ಬಿಟ್ಟು ಬೇರೆಯವರು ಹತ್ತಿರ ಹೋದರೆ ಹಾಲು ಇಳಿಸುತ್ತಿರಲಿಲ್ಲ. ಅವ್ವ ಪಕ್ಕಕ್ಕೆ ಕೂತು ಕೆಚ್ಚಲಿನ ಮೇಲೆ ಕೈ ಆಡಿಸುತ್ತ, "ಬಾ ನನ್ನವ್ವಾ, ಬಾ, ಬಿಡ ತಾಯಿ" ಎನ್ನುತ್ತಿದ್ದಳು. ಅಕ್ಕ ಪಡಸಾಲೆಯಿಂದ ಅದನ್ನೇ ನೋಡುತ್ತಿದ್ದಳು.

"ಯವ್ವಾ, ಅದs ಕೈ ನನಗೂ ಆಡಸಬೇ."

"ಏ ಹುಚ್ಚಿ, ನಾ ಎಮ್ಮಿ ಹಡದೇನೇನ?"

"ಎಮ್ಮಿ ಒದಿತೈತಿ ಅಂತ ಅಂಜಿ ಅದಕ್ಕ ಮೆತ್ತಗ ಮಾಡ್ತಿ. ನಾನೂ ಒದೀಲೇನ?"

ಅವ್ವ ಚರಿಗೆ ಒಳಗಿಟ್ಟು, ಕೈ ತೊಳೆದು ಒರೆಸಿಕೊಂಡು ಬಂದು ಕೂತಳು. ಈ ಸಲ ಕೈ ಭಾರವಾಗಲಿಲ್ಲ. ನಡುವೆ ಒಮ್ಮೆ ಬಾಯಿ ತಪ್ಪಿ "ಬಾ ನನ್ನವ್ವಾ, ಬಿಡ ತಾಯಿ" ಎಂದುಬಿಟ್ಟಳು. ಅಕ್ಕ "ಅಂಬಾ" ಎಂದಳು. ಸವರುವ ಕೆಲಸ ಅಂದು ಅಲ್ಲಿಗೇ ನಿಂತಿತು, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮರುದಿನದಿಂದ ಅದು ಎಮ್ಮೆ ಹಿಂಡಿದ ಬೆನ್ನಿಗೇ ನಡೆಯುವ ಕೆಲಸವಾಯಿತು. ಕೈಗೆ ಹದ ಇರುತ್ತದೆ ಎಂಬುದು ಅವ್ವ ಕೊಟ್ಟ ಕಾರಣ.

ಬಾವು ಒಮ್ಮೆಲೇ ಇಳಿಯಲಿಲ್ಲ. ಮೊದಲು ಗೆಣ್ಣುಗಳು ಕಂಡವು, ಆಮೇಲೆ ಮುಂಗೈಯ ನರಗಳು. ಹಳೆಯ ಬಳೆ ಒಂದು ಮುಂಜಾನೆ ಹೆಬ್ಬೆರಳಿನ ಗೆಣ್ಣು ದಾಟಿತು. ಅಕ್ಕ ಅದನ್ನು ಹಿಂದಕ್ಕೆ ತೆಗೆದು ಮತ್ತೆ ದಾಟಿಸಿ ನೋಡಿದಳು. ಅವ್ವ ಬಳೆಗಾರನಿಗೆ ಹೇಳಿ ಕಳಿಸಿದಳು.

ಬಳೆಗಾರ ಕಟ್ಟೆಯ ಮೇಲೆ ಗಂಟು ಬಿಚ್ಚಿ ಅಕ್ಕನ ಕೈ ಹಿಡಿದುಕೊಂಡ. ಅವರ ಕಸುಬಿನಲ್ಲಿ ಕೈಯನ್ನು ಹಿಚುಕಿ ಮಡಿಸಿ ಬಳೆ ಏರಿಸುವುದು ರೂಢಿ. ಅವ್ವ ಗಾಬರಿಯಾದಳು.

"ಏ ಮಾಮಾ, ಹಲ್ಕಾ ಹಾಕಪಾ, ಹಲ್ಕಾ!"

ಬಳೆಗಾರ ಕೈ ಬಿಟ್ಟು ನೆಟ್ಟಗೆ ಕೂತ. "ಏನವ್ವಾ, ಇಷ್ಟ ವರ್ಷ ನಿಮ್ಮ ಮನಿಗಿ ಬಳಿ ಇಟ್ಟೇನಿ. ನನ್ನ ಹಂತ್ಯಾಕ ಹಲ್ಕಾ ಮಾಲ ಯಾವಾಗರ ನೋಡೀಯೇನ?"

ಅಕ್ಕ ಕಂಬಕ್ಕೆ ತಲೆ ಆನಿಸಿ ನಕ್ಕಳು. ಅವ್ವ ಮಾತ್ರ ಗಂಭೀರವಾಗಿ, "ಹಲ್ಕಾ ಅಂದ್ರ ಹಗರಪಾ. ಅಷ್ಟೂ ಮರಾಠಿ ಬರಂಗಿಲ್ಲೇನ ನಿನಗ?" ಎಂದಳು.

ಬಳೆಗಾರ ಗೊಣಗುತ್ತಲೇ ಒಂದೊಂದಾಗಿ ಏರಿಸಿದ. ಒಂದೂ ಒಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಅಕ್ಕ ಎರಡೂ ಕೈ ಮುಂದೆ ಹಿಡಿದು ಒಮ್ಮೆ ಸದ್ದು ಮಾಡಿ ನೋಡಿದಳು. ಅವ್ವ ಒಳಗೆ ಹೋಗಿ ಅಕ್ಕನ ದಾರಿಬುತ್ತಿಗೆ ಹಿಟ್ಟು ಕಲಸತೊಡಗಿದಳು. ಮಂಗಸೂಳಿಯಲ್ಲಿ ಕೊಯ್ಲು ಇನ್ನೂ ಶುರುವಾಗಿರಲಿಲ್ಲ.