ನಾನು ಆರಿಸಿದ ಯಂತ್ರ

ನನ್ನ ಗಂಡನನ್ನು ನಾನು ಬಹುವಚನದಲ್ಲೇ ಬೈದವಳು. ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅವರಿಗೆ ‘ನೀನು’ ಅಂದಿಲ್ಲ. ‘ನಿಮಗ ತಲಿ ಅದ ಏನ್ರಿ’, ‘ಬಾಯಿ ಮುಚಗೊಂಡು ಕುಂದ್ರಿ’, ‘ನಿಮ್ಮಂಥೋರನ್ನ ಕಟಗೊಂಡು ನಾ ಕೆಟ್ಟೆ’, ಎಲ್ಲವನ್ನೂ ಮರ್ಯಾದೆ ಕೊಟ್ಟೇ ಆಡಿದೆ. ಓಣಿಯವರು ನನ್ನನ್ನು ಒಳ್ಳೆಯ ಮನೆತನದ ಹೆಣ್ಣುಮಗಳು ಅನ್ನುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಅವರು ಶಹಾಬಾದಿನ ಕಲ್ಲಿನ ಖಣಿಯಲ್ಲಿ ಪದರ ಬಿಡಿಸುವ ಕೆಲಸ ಮಾಡುತ್ತಿದ್ದರು. ನಮ್ಮ ಕಡೆಯ ಫರಸಿ ಕಲ್ಲು ನೆಲದೊಳಗೆ ಒಂದರ ಮೇಲೊಂದು ಪದರವಾಗಿ ಮಲಗಿರುತ್ತದೆ. ಅದನ್ನು ಮುರಿಯದಂತೆ ಎಬ್ಬಿಸುವುದು ಸುಲಭದ ಮಾತಲ್ಲ. ಉಳಿ ನೆಟ್ಟ ಮೇಲೆ ಬಲಗೈಯಲ್ಲಿ ಸುತ್ತಿಗೆ, ಎಡ ಅಂಗೈ ಕಲ್ಲಿನ ಮೇಲೆ. ಬಿಡುವ ಮುಂಚೆ ಪದರ ಒಳಗೇ ಸಣ್ಣಗೆ ಅಲುಗುತ್ತದಂತೆ. ಅದು ಕಣ್ಣಿಗೆ ಕಾಣುವುದಿಲ್ಲ, ಅಂಗೈಗೆ ಮಾತ್ರ ತಿಳಿಯುತ್ತದಂತೆ. ಖಣಿಯಲ್ಲಿ ಹೊಸಬರಿಗೆ ಮೊದಲು ಕಲಿಸುವುದೇ ಇದನ್ನು, ಕಲ್ಲಿನ ಮೇಲಿಂದ ಎಡಗೈ ತೆಗೆಯಬೇಡ ಅಂತ. ಇವರು ಮನೆಯಲ್ಲಿ ಕಟ್ಟೆಯ ಮೇಲೆ ಕೂತಾಗಲೂ ಎಡ ಅಂಗೈಯನ್ನು ಕಲ್ಲಿಗೆ ಊರಿಯೇ ಕೂರುತ್ತಿದ್ದರು.

ಕಲ್ಲಿನ ಧೂಳು ಎದೆಗೆ ಹೊಕ್ಕು ಕೆಮ್ಮು ಹತ್ತಿತು. ಇನ್ನು ಖಣಿಗೆ ಇಳಿಯಬಾರದು ಅಂತ ಡಾಕ್ಟರು ಖಂಡಿತವಾಗಿ ಹೇಳಿದರು. ಕಲ್ಲು ಬಿಟ್ಟರೆ ಅವರಿಗೆ ಬೇರೆ ವಿದ್ಯೆ ಇರಲಿಲ್ಲ. ಎದೆ ಹೋಗಿತ್ತು, ಎರಡು ಕೈ ಮಾತ್ರ ಗಟ್ಟಿಯಿದ್ದವು. ಆ ಕೈಗಳಿಗೆ ಹೊಸ ಕೆಲಸ ಸಿಕ್ಕರೆ ಮನೆ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ ಎಂಬಲ್ಲಿಗೆ ಬಂದು ನಿಂತಿದ್ದೆವು.

ಮನೆಯ ಹೊರಗೋಡೆ ತೊಳೆದುಕೊಡುವ ಉಪಾಯ ನನ್ನದು. ವಾಡಿ, ಶಹಾಬಾದ, ಸೇಡಂ ಸುತ್ತ ಹೊಸ ಮನೆ ಕಟ್ಟಿದವರದ್ದೆಲ್ಲ ಒಂದೇ ಗೋಳು. ಬಣ್ಣ ಹಚ್ಚಿ ವರ್ಷ ತುಂಬುವುದರೊಳಗೆ ಗೋಡೆ ಬೂದಿ ಬಳಿದಂತಾಗುತ್ತದೆ. ಕಾರ್ಖಾನೆಗಳ ಸಿಮೆಂಟಿನ ಧೂಳು ಕೂತು, ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಮುಗಿಯಿತು, ಕಸಬರಿಗೆಗೆ ಜಗ್ಗುವುದಿಲ್ಲ. ದಸರೆಗೆ ಮುಂಚೆ ಎಲ್ಲರೂ ಮನೆ ತೊಳೆಯುವವರೇ. ಜೋರಾಗಿ ನೀರು ಹೊಡೆಯುವ ಯಂತ್ರ ಒಂದಿದ್ದರೆ ಸಾಕು ಅಂತ ನಾನು ಬಂಗಾರದ ಪಾಟಲಿ ಬಳೆ ಮಾರಿದೆ. ಪಾಟಲಿ ನನ್ನವು, ಆದ್ದರಿಂದ ಆಯ್ಕೆಯೂ ನನ್ನದೇ ಅಂತ ಮೊದಲೇ ಹೇಳಿಬಿಟ್ಟಿದ್ದೆ.

ಕಲಬುರಗಿಯಲ್ಲಿ ಪಂಪು ಮೋಟಾರು ಮಾರುವ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಎರಡು ಯಂತ್ರ ತೋರಿಸಿದ. ಒಂದು ಸಣ್ಣದು, ಕರೆಂಟಿನದು, ಗಾಲಿಯ ಮೇಲೆ ಎಳೆದುಕೊಂಡು ಹೋಗುವಂಥದ್ದು. ಇನ್ನೊಂದು ಪೆಟ್ರೋಲ್ ಇಂಜಿನ್ನಿನದು, ಎತ್ತಲು ಇಬ್ಬರು ಬೇಕು, ಒತ್ತಡ ಸಣ್ಣದರ ಎರಡು ಪಟ್ಟು. ಎರಡಕ್ಕೂ ಉದ್ದನೆಯ ಗನ್ನು, ಅದರ ತುದಿಗೆ ಸಿಕ್ಕಿಸಲು ಬೇರೆ ಬೇರೆ ಬಣ್ಣದ ಮೂತಿಗಳು. ಬಿಳಿ ಮೂತಿ ಹಾಕಿದರೆ ನೀರು ಬೀಸಣಿಕೆಯಂತೆ ಅಗಲವಾಗಿ ಹರಡುತ್ತದೆ. ಕೆಂಪು ಮೂತಿ ಹಾಕಿದರೆ ದಬ್ಬಣದಂತೆ ಒಂದೇ ಗೆರೆಯಾಗಿ ಬರುತ್ತದೆ.

ನನ್ನ ಗಂಡ ನೂರೆಂಟು ಕೇಳಿದರು. ನಿಮಿಷಕ್ಕೆ ಎಷ್ಟು ನೀರು ಎಳೆಯುತ್ತದೆ, ನಳಕ್ಕೇ ಹಚ್ಚಬಹುದೋ ಟ್ಯಾಂಕೇ ಬೇಕೋ, ವಾಶರ್ ಹೋದರೆ ಎಲ್ಲಿ ಸಿಗುತ್ತದೆ, ಎಲ್ಲಾ. ಕೊನೆಗೆ ಸಣ್ಣದೇ ಸಾಕು ಅಂದರು. ಗೋಡೆಯನ್ನು ಮೊದಲು ನೆನೆಸಬೇಕು, ಬ್ರಷ್ಷಿನಿಂದ ಒಮ್ಮೆ ಉಜ್ಜಬೇಕು, ಆಮೇಲೆ ಅಗಲ ಮೂತಿಯಿಂದ ನೀರು ಬಿಟ್ಟರೆ ಧೂಳು ಇಳಿಯುತ್ತದೆ ಎಂಬುದು ಅವರ ಲೆಕ್ಕ. ಕರೆಂಟು ಹೋದರೆ ಏನು ಮಾಡುತ್ತೀರಿ ಅಂತ ನಾನು ಕೇಳಿದೆ. ಬರುವ ತನಕ ಉಜ್ಜುತ್ತಾ ಇರುವುದು ಅಂದರು. ನನಗೆ ಮೈ ಉರಿಯಿತು.

ಅಷ್ಟರಲ್ಲಿ ಅಂಗಡಿಯವನು ದೊಡ್ಡ ಯಂತ್ರಕ್ಕೆ ಕೆಂಪು ಮೂತಿ ಸಿಕ್ಕಿಸಿ ಒಂದು ಮರದ ಹಲಗೆಯ ಮೇಲೆ ನೀರು ಬಿಟ್ಟ. ಹಲಗೆಯ ಮೇಲೆ ಗೆರೆ ಬಿತ್ತು. ಒಣಮರವನ್ನು ನೀರು ಕೊರೆದಿತ್ತು. ಗನ್ನನ್ನು ಯಾವಾಗಲೂ ಎರಡು ಕೈಯಲ್ಲಿ ಹಿಡಿಯಬೇಕು, ಕೈಕಾಲು ಅಡ್ಡ ತರಬಾರದು ಅಂತಲೂ ಆತ ಹೇಳಿದ. ನಾನು ಹಲಗೆಯನ್ನಷ್ಟೇ ನೋಡುತ್ತಿದ್ದೆ. ಇಂಥದ್ದೊಂದು ನನ್ನ ಕೈಯಲ್ಲಿದ್ದರೆ ಯಾವ ಗೋಡೆ ನನ್ನೆದುರು ನಿಲ್ಲುತ್ತದೆ ಅನ್ನಿಸಿತು.

“ಕಲ್ಲಿಗಿ ಇಷ್ಟು ಜೋರು ಬ್ಯಾಡ. ಪದರ ಬಿಚ್ಚತಾವ,” ಅಂದರು ಇವರು.

“ಕೆಮ್ಮೋದೊಂದು ಬಿಟ್ಟು ನಿಮಗೇನ್ ಬರ್ತದ್ರಿ? ಸುಮ್ಮ ನಿಂದರ್ರಿ,” ಅಂದೆ ನಾನು.

ಅಂಗಡಿಯವನು ತಲೆ ತಗ್ಗಿಸಿ ಚೀಟಿ ಬರೆಯತೊಡಗಿದ. ಇವರು ಹೊರಗೆ ಹೋಗಿ ಕೆಮ್ಮಿ ಬಂದರು. ನನ್ನೆದುರು ಕೆಮ್ಮಬಾರದು ಅಂತ ಹೊರಗೆ ಹೋಗಿದ್ದರು, ಅದು ನನಗೆ ಗೊತ್ತಾಯಿತು, ಖುಷಿಯೂ ಆಯಿತು. ಸುಳ್ಳು ಯಾಕೆ ಹೇಳಲಿ, ಗೆದ್ದ ಖುಷಿ ಅದು. ದೊಡ್ಡ ಯಂತ್ರವನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಶಹಾಬಾದಿಗೆ ಬಂದೆವು.

ಕೆಲಸ ಚೆನ್ನಾಗಿಯೇ ಹತ್ತಿತು. ವಾಡಿಯಲ್ಲಿ ನಾಲ್ಕು ಮನೆ, ಸೇಡಂನಲ್ಲಿ ಒಬ್ಬ ವ್ಯಾಪಾರಸ್ಥರ ಎರಡಂತಸ್ತಿನ ಮನೆ, ಚಂದಾಪುರದಲ್ಲಿ ಒಂದು. ಮನೆಯವರ ಜೊತೆ ಮಾತು ನನ್ನದು, ಗನ್ನು ಅವರದು. ಅವರು ಬಿಳಿ ಮೂತಿ ಹಾಕಿಕೊಂಡು, ದೂರ ನಿಂತು, ಮೇಲಿಂದ ಕೆಳಗೆ ನಿಧಾನಕ್ಕೆ ತೊಳೆಯುತ್ತಿದ್ದರು. ಫರಸಿ ಹಚ್ಚಿದ ಗೋಡೆ ಬಂದರೆ ಮಾತ್ರ ಹತ್ತಿರ ಹೋಗುತ್ತಿದ್ದರು. ಗನ್ನಿನ ಹಿಡಿಯನ್ನು ಬಲ ಕಂಕುಳಲ್ಲಿ ಅವುಚಿಕೊಂಡು, ಎಡ ಅಂಗೈಯನ್ನು ಕಲ್ಲಿನ ಮೇಲೆ ಇಡುತ್ತಿದ್ದರು. ಖಣಿಯ ಚಟ. ನೀರಿನ ಪೆಟ್ಟಿಗೆ ಕಲ್ಲು ಒಳಗೆ ಏನನ್ನುತ್ತದೆ ಅಂತ ಕೈಯಿಂದ ಕೇಳುತ್ತಿದ್ದರು.

ಎರಡು ಕೈಯಲ್ಲಿ ಹಿಡಿಯಿರಿ ಅಂತ ನಾನು ಒಮ್ಮೆಯಾದರೂ ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ. ಆಕಳ ಮೈ ಸವರಿದ ಹಾಗೆ ಗೋಡೆ ಸವರಬೇಡಿ, ಜನ ನಗುತ್ತಾರೆ ಅಂದೆ. ಮನೆಯವರೆದುರು ಅವರ ನಿಧಾನವನ್ನು ಅಣಕಿಸಿದೆ, ಅವರು ಹಲಗೆ ಬಳಪ ಹಿಡಿದ ಒಂದನೇ ಇಯತ್ತೆಯ ಹುಡುಗನ ಹಾಗೆ ಅಂದೆ. ಜನ ನಿಜವಾಗಿಯೂ ನಗುತ್ತಿದ್ದರು. ನಗಿಸುವವಳು ನಾನೇ ಆಗಿದ್ದೆ.

ಚಿತ್ತಾಪುರದಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಮನೆ. ಮುಂಭಾಗದ ಗೋಡೆಗೆಲ್ಲ ಫರಸಿ ಹಚ್ಚಿಸಿದ್ದರು. ಮರುದಿನ ನವರಾತ್ರಿಯ ಘಟ ಕೂರಿಸುವುದಿತ್ತು. ಮನೆಯೊಡತಿ ಗಳಿಗೆಗೊಮ್ಮೆ ಹೊರಗೆ ಬಂದು, ಇನ್ನೂ ಆಗಿಲ್ಲವಾ ಅನ್ನುವಂತೆ ನಿಲ್ಲುತ್ತಿದ್ದರು. ಮಧ್ಯಾಹ್ನವಾದರೂ ಅರ್ಧ ಗೋಡೆ ಬಾಕಿಯಿತ್ತು. ಕಿಟಕಿಯ ಕೆಳಗೆ ಸಿಮೆಂಟು ಗಟ್ಟಿಯಾಗಿ ಕೂತಿತ್ತು, ಬಿಳಿ ಮೂತಿಗೆ ಬಿಡಲಿಲ್ಲ. ಬ್ರಷ್ಷಿನಿಂದ ಉಜ್ಜುತ್ತೇನೆ ಅಂದರು ಇವರು. ಕೆಂಪು ಮೂತಿ ಹಾಕಿ ಅಂದೆ ನಾನು. ಬೇಡ ಅಂದರು. ಮನೆಯೊಡತಿ ನೋಡುತ್ತಿದ್ದರು. ನಾನು ಯಂತ್ರ ನಿಲ್ಲಿಸಿ, ಗನ್ನು ಕಸಿದುಕೊಂಡು, ನನ್ನ ಕೈಯಾರೆ ಬಿಳಿ ಮೂತಿ ಕಿತ್ತು ಕೆಂಪು ಮೂತಿ ಸಿಕ್ಕಿಸಿ ಕೊಟ್ಟೆ.

ಅವರು ಯಂತ್ರ ಮತ್ತೆ ಚಾಲೂ ಮಾಡಿದರು. ಗನ್ನು ಕಂಕುಳಿಗೆ ಹೋಯಿತು, ಎಡ ಅಂಗೈ ಕಲ್ಲಿಗೆ ಹೋಯಿತು. ಒಂದೆರಡು ನಿಮಿಷ ಸಿಮೆಂಟು ಚೆನ್ನಾಗಿ ಹಾರಿತು, ನಾನು ಮನೆಯೊಡತಿಯ ಕಡೆ ತಿರುಗಿ ನಕ್ಕೆ. ಆಮೇಲೆ ಟಪ್ ಅಂತ ಸದ್ದು. ಒಂದು ಕಲ್ಲಿನ ಮೇಲ್ಪದರ ತಟ್ಟೆಯಷ್ಟಗಲ ಎದ್ದು ಬಂದಿತ್ತು. ಅದು ಬೀಳದಂತೆ ಹಿಡಿಯಲು ಅವರ ಎಡಗೈ ಮುಂದೆ ಹೋಗಿದೆ, ಒಂದೇ ಕೈಯಲ್ಲಿದ್ದ ಗನ್ನು ಹೊರಳಿದೆ, ನೀರು ತೋರುಬೆರಳಿನ ಮೇಲೆ ಹಾದಿದೆ. ಅವರು ಗನ್ನು ಬಿಟ್ಟು ಮೆಟ್ಟಿಲ ಮೇಲೆ ಕೂತರು.

ಹೋಗಿ ನೋಡಿದೆ. ಬೆರಳಿನ ಬುಡದಲ್ಲಿ ಸೂಜಿ ಚುಚ್ಚಿದಷ್ಟು ತೂತು. ರಕ್ತವೂ ಸರಿಯಾಗಿ ಬಂದಿರಲಿಲ್ಲ.

“ಒಳಗ ನೀರು ಹೊಕ್ಕದ. ದವಾಖಾನಿಗಿ ಹೋಗಾಮು,” ಅಂದರು. ಮುಖ ಬಿಳಿಚಿಕೊಂಡಿತ್ತು.

“ಮುಳ್ಳು ಚುಚ್ಚಿದ ಕೂಸಿನಂಗ ಮಾಡಾಕತ್ತೀರಲ್ರಿ. ಇಷ್ಟಕ್ಕ ದವಾಖಾನಿ ಅಂದ್ರ ಡಾಕ್ಟರು ನಗ್ತಾರ.”

ಮನೆಯೊಡತಿಯಿಂದ ಅರಿಶಿಣ ಇಸಿದುಕೊಂಡು ಹಚ್ಚಿ, ಅರಿವೆ ಸುತ್ತಿದೆ. ಗನ್ನು ನಾನೇ ಹಿಡಿದೆ. ಅವರಿಗೆ ಬಲಗೈಯಲ್ಲಿ ಪೈಪು ಹಿಡಿದು ಹಿಂದೆ ನಿಲ್ಲಲು ಹೇಳಿದೆ. ಹೊತ್ತು ಮುಳುಗುವ ತನಕ ನಿಂತರು. ಇನ್ನೊಮ್ಮೆ ಕೇಳಿದರು, ಬೆರಳು ಮರಗಟ್ಟಿದೆ, ಈಗಲಾದರೂ ಹೋಗೋಣವೇ ಅಂತ. ನಾಟಕ ಸಾಕು ಅಂದೆ. ಎದ್ದ ಕಲ್ಲಿಗೆ ಮನೆಯೊಡತಿ ತಕರಾರು ತೆಗೆದಾಗ, ಅದು ಮೊದಲೇ ಪದರ ಸಡಿಲಾದ ಕಲ್ಲು, ಬೇಕಿದ್ದರೆ ನನ್ನ ಯಜಮಾನರನ್ನು ಕೇಳಿ, ಇಡೀ ಆಯುಷ್ಯ ಕಲ್ಲಿನಲ್ಲೇ ಕಳೆದವರು ಅಂತ ಅವರ ವಿದ್ಯೆಯನ್ನು ಮುಂದೆ ಮಾಡಿದೆ. ಅವರು ಹೌದೆಂದು ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ಬೆರಳು ಬದನೆಕಾಯಿಯಂತಾಗಿತ್ತು. ಬಾವು ಮುಂಗೈ ದಾಟಿತ್ತು. ಆಗ ನನಗೆ ಹೆದರಿಕೆಯಾಯಿತು. ಶಹಾಬಾದಿನಲ್ಲಿ ತೋರಿಸಿದರೆ ತಡಮಾಡದೆ ಕಲಬುರಗಿಗೆ ಹೋಗಿ ಅಂದರು. ಅಲ್ಲಿಯ ಡಾಕ್ಟರು ಹೆಣ್ಣುಮಗಳು, ವಯಸ್ಸು ನನಗಿಂತ ಕಡಿಮೆ. ಹೊರಗೆ ಕಾಣುವುದು ಸಣ್ಣ ತೂತು, ಆದರೆ ಆ ಒತ್ತಡದ ನೀರು ಹೊಲಸನ್ನೆಲ್ಲ ಹೊತ್ತುಕೊಂಡು ಬೆರಳಿನ ಒಳಗಿನಿಂದ ಅಂಗೈ ತನಕ ಹೋಗಿರುತ್ತದೆ ಅಂತ ಬಿಡಿಸಿ ಹೇಳಿದರು. ಆದ ತಾಸೊಪ್ಪತ್ತಿನಲ್ಲಿ ಬಂದು ಕೊಯ್ದು ತೊಳೆಸಿಕೊಂಡಿದ್ದರೆ ಬೆರಳು ಉಳಿಯುವ ಸಂಭವ ಬಹಳವಿತ್ತು. ಈಗ ಬೆರಳು ತೆಗೆಯಬೇಕು, ಕೈ ಉಳಿಸಲು ನೋಡುತ್ತೇನೆ ಅಂದರು. ಆಮೇಲೆ ನಮ್ಮಿಬ್ಬರ ಮುಖ ನೋಡಿ, ನಿನ್ನೆಯೇ ಯಾಕೆ ಬರಲಿಲ್ಲ ಅಂತ ಕೇಳಿದರು.

ಇವರು ಬಾಯಿ ತೆರೆದರು. ಏನು ಹೇಳಲಿದ್ದರೋ ಗೊತ್ತಿಲ್ಲ. ನಾನು ಮೊದಲು ಮಾತಾಡಿದೆ.

“ನಮಗ ಹೇಳೇ ಇಲ್ರಿ ಮೇಡಂ. ಮುಚ್ಚಿಟ್ಟಾರ. ಇವರ ಸ್ವಭಾವನ ಹಂಗ.”

ಇವರು ನನ್ನ ಕಡೆ ನೋಡಿದರು, ಡಾಕ್ಟರ ಕಡೆ ನೋಡಿದರು, “ಹೌದ್ರಿ, ನಾನ ಹೇಳ್ಲಿಲ್ಲ,” ಅಂದರು. ಡಾಕ್ಟರು ಅವರನ್ನು ಚೆನ್ನಾಗಿ ಬೈದರು. ಹೆಂಡತಿಗೂ ಹೇಳದಂಥ ಗಂಡಸುತನ ಏನು ಅಂದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಕಣ್ಣೀರು ನಿಜದ್ದೇ ಆಗಿತ್ತು, ಅದೇ ಹೇಸಿಗೆ.

ತೋರುಬೆರಳು ಬುಡದಿಂದ ಹೋಯಿತು. ನಡುಬೆರಳು ಇದೆ, ಮಡಚುವುದಿಲ್ಲ. ಗನ್ನು ಹಿಡಿಯುವುದು ಹಾಗಿರಲಿ, ಅಂಗಿಯ ಗುಂಡಿ ಹಾಕಲೂ ಹೊತ್ತು ಹಿಡಿಯುತ್ತದೆ. ದೊಡ್ಡ ಯಂತ್ರವನ್ನು ನಾನು ಮಾರಿಬಿಟ್ಟೆ. ಅದೇ ಅಂಗಡಿಗೆ ಒಬ್ಬಳೇ ಹೋಗಿ ಸಣ್ಣದನ್ನು ತಂದೆ. ವಾಡಿಯ ಒಬ್ಬ ಹೆಣ್ಣುಮಗಳನ್ನು ಜೊತೆಗೆ ಹಾಕಿಕೊಂಡು, ಗೋಡೆ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಬಿಳಿ ಮೂತಿಯಿಂದ ತೊಳೆಯುತ್ತೇನೆ. ಚೆನ್ನಾಗಿ ಹೋಗುತ್ತದೆ. ಇದುವರೆಗೆ ಒಂದು ಕಲ್ಲಿನ ಪದರವೂ ಎದ್ದಿಲ್ಲ. ಇಷ್ಟು ನಾಜೂಕಿನ ಕೆಲಸ ಯಾರು ಕಲಿಸಿದರು ಅಂತ ಜನ ಕೇಳಿದರೆ, ಮಾಡುತ್ತಾ ಮಾಡುತ್ತಾ ಬಂತು ಅನ್ನುತ್ತೇನೆ.

ನೋಡಲು ಬಂದ ಬೀಗರಿಗೆ, ಖಣಿಯ ಗೆಳೆಯರಿಗೆ, ಎಲ್ಲರಿಗೂ ಅವರು ಒಂದೇ ಮಾತು ಹೇಳಿದರು, ತಾವೇ ಹೆಂಡತಿಗೆ ಹೇಳಲಿಲ್ಲ ಅಂತ. ನಾನು ಚಹಾ ಕೊಡುತ್ತಾ ಪಕ್ಕದಲ್ಲೇ ಇರುತ್ತಿದ್ದೆ. ಮೊದಲ ಸಲ ಕಪ್ಪು ಇಟ್ಟು ಒಳಗೆ ಹೋಗಿಬಿಟ್ಟೆ. ಮೂರನೆಯ ಸಲಕ್ಕೆ ಸಕ್ಕರೆ ಎಷ್ಟು ಅಂತ ಕೇಳಿದೆ.

ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮನೆಯಲ್ಲಿ ಮೂರನೆಯವರು ಇರಲಿಲ್ಲ. ಅವರು ಒಂದೇ ಕೈಯಲ್ಲಿ ರೊಟ್ಟಿ ಮುರಿಯಲು ಹೆಣಗುತ್ತಿದ್ದರು. ನಾನು ಮುರಿದು ತಟ್ಟೆಗೆ ಹಾಕಿದೆ. ಅವರು ತಿನ್ನಲಿಲ್ಲ.

“ಅವತ್ತ ನಿನಗ ಹೇಳಿದ್ರ ಬೆರಳ ಉಳೀತಿತ್ತು,” ಅಂದರು. “ನಂದು ತಪ್ಪಾತು.”

ಬೇರೆ ಯಾರಿಗೋ ಕೇಳಿಸಲೆಂದು ಆಡಿದ ಮಾತಲ್ಲ ಅದು. ಅದನ್ನು ನನಗೆ, ನನ್ನೊಬ್ಬಳಿಗೇ ಹೇಳಿ, ನನ್ನ ಮುಖ ನೋಡುತ್ತಾ ಕೂತರು. ನನಗೆ ತಿಳಿಯಿತು. ನಾನು ಬಾಯಿ ಬಿಡಲಿ ಅಂತ ಅವರು ಕಾಯುತ್ತಿದ್ದರು. ನೀವು ಎರಡು ಸಲ ಹೇಳಿದ್ದಿರಿ, ನಾನೇ ಕೇಳಲಿಲ್ಲ, ಅಷ್ಟು ಅಂದಿದ್ದರೆ ಸಾಕಿತ್ತು. ಬೈಗುಳಕ್ಕೆ ಎಂದೂ ತಡವರಿಸದ ನನ್ನ ನಾಲಿಗೆ ಅಷ್ಟಕ್ಕೆ ಏಳಲಿಲ್ಲ.

“ಹೋಗ್ಲಿ ಬಿಡ್ರಿ,” ಅಂದೆ. “ಇನ್ನ ಮ್ಯಾಲರ ಏನಾದ್ರೂ ಆದ್ರ ಬಾಯಿ ಬಿಟ್ಟು ಹೇಳ್ರಿ.”

ಅವರು ಹೂಂ ಅಂದು ತಟ್ಟೆ ಹತ್ತಿರ ಎಳೆದುಕೊಂಡರು. ಅಂದಿನಿಂದ ಎಲ್ಲಿ ಏನು ನೋವಾದರೂ ಅವರು ನನಗೆ ಹೇಳುವುದಿಲ್ಲ. ಹೋದ ವಾರ ಜ್ವರ ಬಂದು ಮೂರು ದಿನ ಮಲಗಿದ್ದರಂತೆ, ನಾನು ಕೆಲಸಕ್ಕೆ ಹೋಗುವ ತನಕ ಎದ್ದು ಕೂತಿದ್ದು, ಹೋದ ಮೇಲೆ ಮಲಗಿ, ಬರುವಷ್ಟರಲ್ಲಿ ಮತ್ತೆ ಏಳುತ್ತಿದ್ದರಂತೆ. ಪಕ್ಕದ ಮನೆಯವರು ಹೇಳಿದರು.