ಮನೆಯಲ್ಲ, ರೂಮು

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದ ಉಡುಪಿ ಕಡೆಯ ಹೋಟೆಲ್ ಮ್ಯಾನೇಜರು ಗೋಡೆಗೆ ಒಂದು ಮೊಳೆಯನ್ನೂ ಹೊಡೆದವರಲ್ಲ. ಕ್ಯಾಲೆಂಡರು ಕಿಟಕಿಯ ಸರಳಿನಲ್ಲಿ ಪಟಪಟ ಬಡಿದುಕೊಳ್ಳುತ್ತಿತ್ತು. ಅವರೂ ಅಷ್ಟೇ, ಕೂತಲ್ಲಿ ಕೂರುತ್ತಿರಲಿಲ್ಲ. ನಮ್ಮ ಮಹಡಿಯ ಮರಾಠಿಯವರು, ಗುಜರಾತಿಯವರು ಒಬ್ಬೊಬ್ಬರಾಗಿ ಫ್ಲ್ಯಾಟ್ ಕೊಂಡರು. "ನೀವೂ ತಗೊಳ್ಳಿ" ಎಂದರೆ ಅದೇ ಮಾತು: "ಮನೆ ಊರಲ್ಲುಂಟಲ್ಲ ಮಾರಾಯ್ರೆ, ಇದು ಬರೀ ರೂಮು."

ಒಂದು ಮೇ ತಿಂಗಳು ಮಗಳೊಂದಿಗೆ ಊರಿಗೆ ಹೋದವರು ರಜೆ ಮುಗಿಯುವ ಮೊದಲೇ ಮರಳಿ, ಸೀದಾ ನಮ್ಮ ಬಾಗಿಲಿಗೆ ಬಂದರು.

"ಊರಿನ ಜಗಲಿಯಲ್ಲಿ ಕೂತು ಒಂದೇ ಹಠ ಅವಳದ್ದು, 'ಪಪ್ಪಾ, ಘರ್ ಚಲೋ', ಮನೆಗೆ ಹೋಗುವ ಅಂತ. ನಿಮ್ಮಲ್ಲಿ ಸುತ್ತಿಗೆ ಉಂಟಾ?"

ಆ ವಾರವೇ ಮಾಲೀಕರು ಅವರ ಫ್ಲ್ಯಾಟನ್ನು ಬೇರೆಯವರಿಗೆ ಮಾರಿದ್ದರು. ಅದು ಅವರಿಗಿನ್ನೂ ಗೊತ್ತಿರಲಿಲ್ಲ. ನಾನು ಸುತ್ತಿಗೆ ಹುಡುಕುತ್ತ ಒಳಗೆ ಹೋದೆ.