ತೊಂಬತ್ತೆಂಟು ಗೂಟ

ತೊಂಬತ್ತರ ದಶಕದ ಕೊನೆಯಲ್ಲಿ, ನಾನು ತಿಪಟೂರಿನಲ್ಲಿ ಪಿಯುಸಿ ಓದುತ್ತಿದ್ದಾಗ, ಅವ್ವ ಒಂದು ಲೆಕ್ಕ ಕೇಳಿದಳು. ಹಳೆಯ ತೋಟದಲ್ಲಿ ಏಳು ಸಾಲು, ಸಾಲಿಗೆ ಏಳು ತೆಂಗು, ಒಟ್ಟು ನಲವತ್ತೊಂಬತ್ತು. ಹೊಸದಾಗಿ ತೋಟ ಮಾಡಬೇಕೆಂದಿದ್ದ ಹೊಲ ಅದರ ಎರಡರಷ್ಟು ಉದ್ದ, ಎರಡರಷ್ಟು ಅಗಲ.

"ಎಷ್ಟು ಸಸಿ ಬೇಕಾಯ್ತವಪ್ಪ?"

"ಎರಡರಷ್ಟು. ತೊಂಬತ್ತೆಂಟು" ಎಂದೆ. ಪುಸ್ತಕದಿಂದ ತಲೆ ಎತ್ತಲಿಲ್ಲ.

ಹಿತ್ತಲಿನ ಎರಡು ಮರಗಳ ಕಾಯನ್ನೇ ಬಿತ್ತಬೇಕೆಂಬುದು ಅವ್ವನ ಹಟ. ಅವುಗಳ ಕೊಬ್ಬರಿ ದಪ್ಪ. ಇನ್ನೂರಕ್ಕೂ ಹೆಚ್ಚು ಕಾಯಿ ಕೂಡಿಟ್ಟಿದ್ದಳು. ನಾನು ಹೇಳಿದ ಲೆಕ್ಕಕ್ಕೆ, ಮೊಳೆಯದವುಗಳಿಗೆಂದು ಹತ್ತು ಸೇರಿಸಿ, ಮರಳಿನಲ್ಲಿ ಹೂತಳು. ಉಳಿದವು ಕೊಬ್ಬರಿಗೆಂದು ಅಟ್ಟ ಸೇರಿದವು. ವರ್ಷವಿಡೀ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತಳು. ಅದೇ ವರ್ಷ ನಮ್ಮ ಕಡೆಯ ತೆಂಗಿಗೆ ನುಸಿ ರೋಗ ಬಂತು. ಹಿತ್ತಲಿನ ಮರಗಳ ಕಾಯಿ ಸುರುಟಿ, ಬೀಜಕ್ಕೆ ಬಾರದಂತಾದವು.

ಗುಂಡಿಗೆ ಗುರುತು ಹಾಕುವ ದಿನ ದೊಡ್ಡಪ್ಪ ಮೂವತ್ತು ಅಡಿಗೊಂದು ಗಂಟಿದ್ದ ಹಗ್ಗ ಎಳೆಯುತ್ತ ಹೋದರು. ಗಂಟು ಬಂದಲ್ಲೆಲ್ಲ ನಾನು ಗೂಟ ಹೊಡೆದೆ. ತೊಂಬತ್ತೆಂಟು ಗೂಟ ಕಡಿದು ತಂದಿದ್ದೆವು. ಏಳನೆಯ ಸಾಲಿನ ಕೊನೆಗೆ ಅವು ಮುಗಿದವು. ಎದುರಿಗೆ ಅರ್ಧ ಹೊಲ ಹಾಗೇ ಇತ್ತು.

"ಹಗ್ಗ ತಪ್ಪೈತೆ ದೊಡ್ಡಪ್ಪ."

"ಹಳೆ ತೋಟಾನೂ ಇದೇ ಹಗ್ಗದಲ್ಲಿ ಅಳ್ದಿದ್ದು ಕಣ್ಲಾ. ಬೇಕಾದ್ರೆ ನೀನೇ ಅಳ್ದು ನೋಡು."

ಅಳೆದೆ. ಸರಿಯಾಗಿತ್ತು. ಆಮೇಲೆ ಸಾಲು ಎಣಿಸಿದೆ. ಸಾಲಿಗೆ ಹದಿನಾಲ್ಕು ಗೂಟ. ಅಂಥ ಸಾಲುಗಳೂ ಹದಿನಾಲ್ಕು ಆಗಬೇಕು. ಹದಿನಾಲ್ಕನ್ನು ಹದಿನಾಲ್ಕರಿಂದ ಗುಣಿಸಿದರೆ ನೂರ ತೊಂಬತ್ತಾರು. ಎರಡರಷ್ಟಲ್ಲ, ನಾಲ್ಕರಷ್ಟು. ಗೂಟ ಹೊಡೆಯುವ ಕಲ್ಲು ಕೈಯಲ್ಲೇ ಉಳಿಯಿತು.

ದೊಡ್ಡಪ್ಪ ನಕ್ಕರು. "ಕಾಲೇಜಲ್ಲಿ ಮಗ್ಗಿ ಹೇಳ್ಕೊಡಾಕಿಲ್ವೇನ್ಲಾ?"

ಬದುವಿನ ಮೇಲೆ ನಿಂತು ನೋಡುತ್ತಿದ್ದ ಅವ್ವ ನಗಲಿಲ್ಲ. ಸರಸರನೆ ಮನೆಗೆ ನಡೆದಳು. ನಾನು ಹಿಂದೆ ಹೋಗುವಷ್ಟರಲ್ಲಿ ಏಣಿ ಇಟ್ಟು ಅಟ್ಟ ಹತ್ತಿದ್ದಳು. ಹಿತ್ತಲಿನ ಮರಗಳ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದಳು. ನೀರಿದ್ದರೆ ಇನ್ನೂ ಮೊಳೆತೀತೆಂಬ ಆಸೆ. ಯಾವುದರಲ್ಲೂ ನೀರಿನ ಸದ್ದಿರಲಿಲ್ಲ. ಒಣಗಿದ ಕೊಬ್ಬರಿ ಚಿಪ್ಪಿನೊಳಗೆ ಲೊಟಲೊಟ ಉರುಳುತ್ತಿತ್ತು. ಮೂವತ್ತೋ ನಲವತ್ತೋ ಕಾಯಿ ನೋಡಿ ಕೈಬಿಟ್ಟಳು.

ಬೈಗುಳಕ್ಕೆ ಕಾದು ಏಣಿಯ ಕೆಳಗೆ ನಿಂತಿದ್ದೆ.

"ಇರೋವ್ನ ನೆಡಾನ. ಮಿಕ್ಕಿದ್ದಕ್ಕೆ ರಾಗಿ ಚೆಲ್ಲಿದ್ರಾಯ್ತು" ಎಂದಳು. ಇಳಿದು ಬಂದು ಸೆರಗಿನ ಧೂಳು ಕೊಡವಿಕೊಂಡಳು. "ಅಷ್ಟೇನಾ ಅಂತ ನಂಗೂ ಅವತ್ತೇ ಅನ್ನಿಸ್ತು ಕಣಪ್ಪ. ಓದ್ದೋನು ಹೇಳ್ದ ಅಂತ ಸುಮ್ಕಾದೆ."